ಬೀಗರ ಕೈಗೆ ಕಟ್ಟಿದ ಕೆಂಪು ಬಟ್ಟೆ

ಈ ವರ್ಷ ಆಲೂಗೆಡ್ಡೆ ಕೀಳುವ ಕಾಲದಲ್ಲಿ ಹಾಸನದ ಮಾರುಕಟ್ಟೆಗೆ ಹೋಗಿದ್ದೆ. ಮನೆಗೆ ಬೇಕಾದಷ್ಟು ಗೆಡ್ಡೆ ತರಬೇಕಿತ್ತು, ಅಷ್ಟೇ ಕೆಲಸ. ಹಿಂದಿನ ದಿನ ಮಳೆ ಬಿದ್ದಿತ್ತು. ಮೂಟೆ ಬಿಚ್ಚಿ ಸುರಿದ ರಾಶಿಯಿಂದ ಹಸಿ ಮಣ್ಣು, ಹೊಸ ಗೆಡ್ಡೆ, ನೆಂದ ಗೋಣಿ ಎಲ್ಲದರ ವಾಸನೆ ಒಟ್ಟಿಗೆ ಬಂತು. ಚೀಲವನ್ನು ಅಲ್ಲೇ ಬಿಟ್ಟು ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. "ಯಾಕ್ ಯಜಮಾನ್ರೆ, ತಲೆ ಸುತ್ತು ಬಂತಾ? ನೀರ್ ಕುಡೀರಿ" ಎಂದು ಅಂಗಡಿಯವನು ಲೋಟ ಚಾಚಿದ. ತಲೆ ಸುತ್ತಿರಲಿಲ್ಲ. ಅದೇ ವಾಸನೆ ವರ್ಷಗಳ ಹಿಂದೆ ಒಮ್ಮೆ ಆಸ್ಪತ್ರೆಯ ಒಳಗೆ, ಫಿನಾಯಿಲು, ಸ್ಪಿರಿಟ್ಟುಗಳನ್ನೂ ಮೀರಿ ನನ್ನ ಮೂಗಿಗೆ ಬಡಿದಿತ್ತು. ಆವತ್ತು ನಾನು ಮಾಡಿದ ಕೆಲಸವನ್ನು ಯಾರಿಗೂ ಹೇಳಿರಲಿಲ್ಲ.

ನಾನು ಕಟ್ಟಾಯದ ಕಡೆಯವನು, ಹೆಸರು ಪುಟ್ಟಸ್ವಾಮಿಗೌಡ. ಎಸ್ಸೆಸ್ಸೆಲ್ಸಿಯಿಂದ ಮುಂದೆ ಓದಲಿಲ್ಲ. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿ ಸೇರಿ, ತುರ್ತು ವಿಭಾಗದ ಬಾಗಿಲಲ್ಲೇ ಕೂದಲು ನರೆಸಿಕೊಂಡೆ. ಸ್ಟ್ರೆಚರ್ ತಳ್ಳುವುದು, ರಕ್ತ ಒರೆಸುವುದು ನನ್ನ ಕೆಲಸ. ಆದರೆ ಯಾರು ಮೊದಲು ಒಳಗೆ ಹೋಗಬೇಕು ಎನ್ನುವುದೂ ಬಹಳ ಸಲ ನನ್ನ ಕೈಯಲ್ಲೇ ಇರುತ್ತಿತ್ತು. ನಮ್ಮ ಹೋಬಳಿಯವರಿಗೆ ಅದು ಗೊತ್ತಿತ್ತು. ಯಾರಿಗೇ ಏನಾದರೂ "ಬಾಗ್ಲಲ್ಲಿ ನಮ್ ಪುಟ್ಟಸ್ವಾಮಣ್ಣ ಅವ್ನೆ, ನಡೀರ್ಲಾ" ಎಂದು ಗಾಡಿ ಹತ್ತಿಸುತ್ತಿದ್ದರು. ಊರಿನ ಮದುವೆಗಳಲ್ಲಿ ಮೊದಲ ಪಂಕ್ತಿಯಲ್ಲಿ ನನಗೆ ಎಲೆ ಹಾಕುತ್ತಿದ್ದುದು ಅದಕ್ಕೇ. ನನಗೂ ಅದು ಹಿತವಾಗಿತ್ತು.

ಆ ವರ್ಷ ಆಲೂಗೆಡ್ಡೆ ಬಿತ್ತನೆ ನಡೆಯುತ್ತಿದ್ದಾಗ ಮೇಜರ್ ಸುಮಿತ್ರಾ ಬಂದರು. ಅರಕಲಗೂಡಿನವರೇ. ಸೈನ್ಯದಲ್ಲಿ ಡಾಕ್ಟರಾಗಿ, ಗಡಿಯ ಗುಡ್ಡಗಳಲ್ಲಿ ಡೇರೆ ಆಸ್ಪತ್ರೆ ನಡೆಸಿದವರು. ತಾಯಿ ಹಾಸಿಗೆ ಹಿಡಿದಿದ್ದರಿಂದ ಕೆಲಸ ಬಿಟ್ಟು ಊರಿಗೆ ಬಂದಿದ್ದರು. ನಮ್ಮ ಆಸ್ಪತ್ರೆಯ ಯಜಮಾನ ಡಾಕ್ಟರು ಅವರಿಗೆ ತುರ್ತು ವಿಭಾಗ ವಹಿಸಿ, ಹೊರಗೆ ದೊಡ್ಡದಾಗಿ ಬೋರ್ಡು ಹಾಕಿಸಿದರು. ಜನ ಅವರನ್ನು ಮಿಲ್ಟ್ರಿ ಡಾಕ್ಟ್ರಮ್ಮ ಎಂದು ಕರೆದರು.

ಕುಳ್ಳಗಿನ ಹೆಂಗಸು, ದನಿ ಮಾತ್ರ ಗಂಟೆಯ ಹಾಗೆ. ಕಾಫಿಯನ್ನೂ ನಿಂತೇ ಕುಡಿಯುತ್ತಿದ್ದರು. ಬೆಳಿಗ್ಗೆ ಬಂದೊಡನೆ ಆಕ್ಸಿಜನ್ ಸಿಲಿಂಡರುಗಳನ್ನು ತಾವೇ ತಿರುಗಿಸಿ ನೋಡುತ್ತಿದ್ದರು. ಬಂದ ವಾರದಲ್ಲೇ ದರ್ಜಿಯ ಅಂಗಡಿಯಿಂದ ಚೂರು ಬಟ್ಟೆ ತರಿಸಿ, ಕೆಂಪು, ಹಳದಿ, ಹಸಿರು ಪಟ್ಟಿಗಳಾಗಿ ಕತ್ತರಿಸಿ, ನನ್ನ ಮೇಜಿನ ಪಕ್ಕ ನೇತುಹಾಕಿಸಿದರು. ಒಟ್ಟಿಗೆ ಬಹಳ ಜನ ಬಂದರೆ ಡಾಕ್ಟರು ಬಾಗಿಲಲ್ಲೇ ಎಲ್ಲರನ್ನೂ ನೋಡಿ ಮಣಿಕಟ್ಟಿಗೆ ಪಟ್ಟಿ ಕಟ್ಟಬೇಕು. ಕೆಂಪು ಕಟ್ಟಿದವರು ಈಗಲೇ ಒಳಗೆ, ಹಳದಿಯವರು ಆಮೇಲೆ, ಹಸಿರಿನವರು ಕೊನೆಗೆ. ಮೊದಲು ಬಂದವರು, ಗೊತ್ತಿರುವವರು, ಫೋನು ಮಾಡಿಸಿದವರು ಎಂಬ ಲೆಕ್ಕವೇ ಇಲ್ಲ.

"ಸೈನ್ಯದಲ್ಲಿ ನಾಲ್ಕನೇ ಬಣ್ಣ ಒಂದಿದೆ ಗೌಡರೇ, ಕಪ್ಪು. ಉಳಿಯೋದಿಲ್ಲ ಅನ್ನೋರಿಗೆ. ಅದು ಇಲ್ಲಿ ಬೇಡ. ಅಂಥವರ ಹತ್ತಿರ ನಾವು ಯಾರಾದರೂ ಕೂತಿರೋಣ" ಎಂದಿದ್ದರು.

ಮಧ್ಯಾಹ್ನ ಬಿಡುವಿದ್ದಾಗ ನಮಗೆ ಕವಾಯತು ಮಾಡಿಸುತ್ತಿದ್ದರು. ನಾವೇ ರೋಗಿಗಳು. ನಾನು ನೆಲದ ಮೇಲೆ ಬಿದ್ದುಕೊಂಡು "ಅಯ್ಯಯ್ಯೋ, ಸತ್ತೆನಲ್ಲಪ್ಪೋ" ಎಂದು ಕೂಗಿದರೆ, "ಗೌಡರೇ, ನೀವು ಕೂಗಬೇಡಿ. ನೀವು ಸಾಯ್ತಿದ್ದೀರಿ" ಎನ್ನುತ್ತಿದ್ದರು. ನರ್ಸುಗಳು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ಎದುರಿನ ಮೆಡಿಕಲ್ ಸ್ಟೋರಿನವನು ಬಾಗಿಲಲ್ಲಿ ನಿಂತು "ಏನ್ ಗೌಡ್ರೆ, ಬಾಡ್ರಲ್ಲಿ ಯುದ್ಧ ಮುಗುದು ಹಾಸನದಲ್ಲಿ ಸುರುವಾಯ್ತಾ?" ಎಂದು ಕಿಚಾಯಿಸುತ್ತಿದ್ದ. ನಗು ನಿಂತ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿಕೊಡುತ್ತಿದ್ದರು. ಕೂಗುವವನಿಗೆ ಉಸಿರಿದೆ, ಅವನು ಕಾಯಬಲ್ಲ. ಸುಮ್ಮನಿರುವವರ ಹತ್ತಿರ ಮೊದಲು ಹೋಗಿ. ತುಟಿ ನೋಡಿ, ಅಂಗೈ ತಣ್ಣಗಿದೆಯೇ ಮುಟ್ಟಿ.

ಮೊದಮೊದಲು ನನಗೆ ಸಿಟ್ಟಿತ್ತು. ನನ್ನ ಬಾಗಿಲಿಗೆ ಬೆಲೆ ಇಲ್ಲದಂತಾಯಿತಲ್ಲ ಎಂದು. ಆದರೆ ಮಳೆ ಹಿಡಿಯುವ ಹೊತ್ತಿಗೆ ನಾನು ಆಕೆಯ ಕೆಲಸಕ್ಕೆ ಸೋತಿದ್ದೆ. ಹಾಲಿನ ಡೈರಿಯ ಒಬ್ಬ ಮುದುಕ "ಹೊಟ್ಟೆ ಉರಿ ಕಣವ್ವ, ಗ್ಯಾಸು" ಎನ್ನುತ್ತಾ ಸಾಲಿನ ಕೊನೆಯಲ್ಲಿ ಕುಳಿತಿದ್ದ. ದೂರದಿಂದಲೇ ಅವನ ಹಣೆಯ ಬೆವರು ನೋಡಿ ಓಡಿ ಬಂದು ಎತ್ತಿಸಿದರು. ಹೃದಯದ ಹೊಡೆತ. ಅವನು ನಡೆದುಕೊಂಡು ಮನೆಗೆ ಹೋದ. "ನನ್ನ ಕಣ್ಣು ಒಳಗಿದ್ದಾಗ ಬಾಗಿಲಲ್ಲಿ ನಿಮ್ಮ ಕಣ್ಣು ಗೌಡರೇ" ಎಂದು ಒಂದು ಸಲ ಹೇಳಿದರು. ಅಂಥ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಆ ವರ್ಷವೇ ಮಗಳು ಭಾಗ್ಯಳನ್ನು ಚನ್ನರಾಯಪಟ್ಟಣದ ಕಡೆ ಕೊಟ್ಟಿದ್ದೆ. ತೆಂಗಿನ ತೋಟ, ಎರಡು ಟ್ರ್ಯಾಕ್ಟರು, ಅನುಕೂಲದ ಮನೆ. ಆದರೆ ಅತ್ತೆಮಾವಂದಿರ ಮೂಗಿನ ತುದಿಯಲ್ಲೇ ಕೋಪ. ಮದುವೆಯಲ್ಲಿ ಬೀಗರ ಕಡೆಯವರಿಗೆ ಮರ್ಯಾದೆ ಸಾಲಲಿಲ್ಲ ಎಂಬ ಮಾತು ಇನ್ನೂ ಆರಿರಲಿಲ್ಲ. ಮಗಳು ಒಮ್ಮೆ ಅತ್ತುಕೊಂಡು ಬಂದಿದ್ದಳು. ನಾನೇ ಕರೆದುಕೊಂಡು ಹೋಗಿ, ಬೀಗರ ಮುಂದೆ ಕೈಕಟ್ಟಿ ನಿಂತು ಬಿಟ್ಟು ಬಂದಿದ್ದೆ.

ಆಲೂಗೆಡ್ಡೆ ಕೀಳುವ ಕೆಲಸ ಜೋರಾಗಿದ್ದ ಒಂದು ಮಧ್ಯಾಹ್ನ, ಸಣ್ಣ ಮಳೆ ಹಿಡಿದಿತ್ತು. ಹೊಳೆನರಸೀಪುರದ ರಸ್ತೆಯಲ್ಲಿ ಗೆಡ್ಡೆಯ ಮೂಟೆಗಳನ್ನೂ ಕೂಲಿಯ ಹೆಂಗಸರನ್ನೂ ತುಂಬಿಕೊಂಡು ಬರುತ್ತಿದ್ದ ಟೆಂಪೊ ಮಗುಚಿಕೊಂಡಿತು. ಸಿಕ್ಕ ಸಿಕ್ಕ ಗಾಡಿಗಳಲ್ಲಿ ಗಾಯಾಳುಗಳನ್ನು ನಮ್ಮ ಬಾಗಿಲಿಗೆ ತಂದರು. ಮೈತುಂಬ ಕೆಸರು, ಸೀರೆಯ ನೆರಿಗೆಯಲ್ಲಿ ಮಣ್ಣು. ಆ ವಾಸನೆ ಒಳಗೆಲ್ಲ ತುಂಬಿತು. ಹೆಚ್ಚಿನವರು ಹಳೇಕೋಟೆಯ ಸುತ್ತಿನವರು.

ಮೇಜರ್ ಮೇಡಂ ಬಾಗಿಲಿಗೆ ಬಂದರು. ಒಬ್ಬೊಬ್ಬರ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮುಟ್ಟಿ, ನೋಡಿ, ಪಟ್ಟಿ ಕಟ್ಟಿ, ಮುಂದಕ್ಕೆ ಸರಿದರು. ಗೋಡೆಗೆ ಒರಗಿ ಕುಳಿತಿದ್ದ ಒಬ್ಬಳು ಹೆಂಗಸು, ಜಯಮ್ಮ ಎಂದು ಹೆಸರು, "ನಂಗೇನೂ ಆಗಿಲ್ಲ ಕಣವ್ವ. ಅವ್ರುನ್ ನೋಡಿ, ಪಾಪ" ಎಂದು ಪಕ್ಕದವಳನ್ನು ತೋರಿಸುತ್ತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಮೇಡಂ ಅವಳ ಹೊಟ್ಟೆಯ ಎಡಭಾಗ ಒತ್ತಿ ನೋಡಿ, ಅಂಗೈ ಹಿಡಿದು, ಕೆಂಪು ಕಟ್ಟಿದರು. ಅಷ್ಟರಲ್ಲಿ ಟೆಂಪೊ ಡ್ರೈವರನಿಗೆ ಉಸಿರು ನಿಲ್ಲುವಂತಾಯಿತು. "ಗೌಡರೇ, ಇವರ ಎದೆಗೆ ನಳಿಗೆ ಹಾಕಬೇಕು, ನನ್ನ ಕೈ ಬಿಡುವಿರಲ್ಲ. ಮಂಚ ಖಾಲಿಯಾದ ತಕ್ಷಣ ಕೆಂಪಿನವರನ್ನ ಒಳಗೆ ಬಿಡಿ. ಒಳಗಿರೋ ಸಣ್ಣ ಡಾಕ್ಟರು ನೋಡ್ತಾರೆ" ಎಂದು ಒಳಗೆ ಹೋಗಲು ತಿರುಗಿದರು.

ಆಗಲೇ ನನ್ನ ಬೀಗರು ಬಂದರು.

ಹಾಸನಕ್ಕೆ ಬರುವಾಗ ಬೈಕು ಜಾರಿ ಬಿದ್ದಿದ್ದರು. ಮುಂಗೈ ಮುರಿದು ಜೋತುಬಿದ್ದಿತ್ತು. "ಅಯ್ಯೋ, ಓಯ್ತಲ್ಲಪ್ಪೋ ನನ್ ಕೈ" ಎಂದು ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗುತ್ತಿದ್ದರು. ಮೇಡಂ ಒಂದು ಗಳಿಗೆ ನಿಂತು, ಬೆರಳು ಆಡಿಸಲು ಹೇಳಿ, ಹಳದಿ ಕಟ್ಟಿ ಒಳಗೆ ಹೋದರು.

"ಏನ್ ಬೀಗ್ರೆ, ಇದೇನಾ ನಿಮ್ ದರ್ಬಾರು?" ಎಂದರು ಬೀಗಿತ್ತಿ. "ನಮ್ಮಪ್ಪ ಆಸ್ಪತ್ರೇಲಿ ದೊಡ್ ಮನ್ಸ ಅಂತ ನಿಮ್ ಮಗ್ಳು ಬಾಯ್ ತುಂಬ ಯೋಳ್ಕತಳೆ. ಕೂಲಿಯೋರ್ ಜತೆ ನೆಲದ್ ಮ್ಯಾಲೆ ಕೂರ್ಸಿದ್ದೀರಲ್ಲ ನಮ್ಮೆಜಮಾನ್ರನ್ನ?"

"ಬುಡು, ಅವ್ರಿಗೆ ನಾವ್ಯಾರು" ಎಂದರು ಬೀಗರು, ನೋವಿನ ನಡುವೆಯೂ. "ಮನೆಗೋದ್ ಮ್ಯಾಲೆ ನೋಡ್ಕಳನ."

ಮನೆಗೆ ಹೋದ ಮೇಲೆ ಯಾರನ್ನು ನೋಡಿಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಒಳಗಿನಿಂದ ನರ್ಸು "ಒಂದು ಮಂಚ ಖಾಲಿ, ಕೆಂಪು ಕಳ್ಸಿ" ಎಂದಳು. ನಾನು ಜಯಮ್ಮನ ಕಡೆ ನೋಡಿದೆ. ಕುಳಿತಿದ್ದಾಳೆ. ಮಾತಾಡುತ್ತಿದ್ದಾಳೆ. ಸ್ವಲ್ಪ ಹೊತ್ತು ತಡವಾದರೆ ಏನಾದೀತು ಎಂದುಕೊಂಡೆ. ಇಲ್ಲಿ ಸುಳ್ಳು ಹೇಳಬಾರದು. ಅವಳ ತುಟಿ ಬಿಳಿಚಿಕೊಂಡಿದ್ದನ್ನು ನಾನು ಕಂಡೆ. ಮೇಡಂ ಕಲಿಸಿದ್ದು ನೆನಪಿಗೂ ಬಂತು. ಕಂಡೂ ನೆನಪಾಗಿಯೂ ಅವಳ ಮುಂದೆ ಬಗ್ಗಿ, "ಈ ಪಟ್ಟಿ ಅವರಿಗೆ ಬೇಕಾಗಿತ್ತು ತಾಯಿ" ಎಂದೆ.

"ತಗಳಣ್ಣ" ಎಂದು ಅವಳೇ ಕೈ ಚಾಚಿದಳು. ಗಂಟು ಬಿಚ್ಚುವಾಗ ಅವಳ ಅಂಗೈ ನನ್ನ ಬೆರಳಿಗೆ ತಾಗಿತು. ತಣ್ಣಗಿತ್ತು.

ಕೆಂಪನ್ನು ಬೀಗರಿಗೆ ಕಟ್ಟಿ, ಅವರ ಹಳದಿಯನ್ನು ಅವಳಿಗೆ ಕಟ್ಟಿದೆ. ಬೀಗರನ್ನು ತೋಳು ಹಿಡಿದು ನಾನೇ ಒಳಗೆ ಕರೆದುಕೊಂಡು ಹೋಗಿ ಮಲಗಿಸಿದೆ. ಬೀಗಿತ್ತಿಯ ಮುಖ ಅರಳಿತು. ಕೆಂಪು ಪಟ್ಟಿ ಕಂಡ ಸಣ್ಣ ಡಾಕ್ಟರು ಬೇರೆಲ್ಲ ಬಿಟ್ಟು ಬೀಗರ ಮೈಯೆಲ್ಲ ಹುಡುಕತೊಡಗಿದರು, ಕೈಯಲ್ಲದೆ ಇನ್ನೇನೋ ಇರಬೇಕು ಎಂದು.

ಡ್ರೈವರ್ ಉಳಿದ. ಮೇಡಂ ಕೈಗವಸು ಕಳಚುತ್ತಾ ಈಚೆ ಬಂದವರು ಬೀಗರ ಮಂಚದ ಹತ್ತಿರ ನಿಂತರು. "ಇವರಿಗೆ ಕೆಂಪು ಕಟ್ಟಿದ್ದು ಯಾರು?"

"ನೀವೇ ಮೇಡಂ" ಎಂದೆ. ಬಾಯಿಂದ ಹಾಗೆ ಬಂದುಬಿಟ್ಟಿತು.

ಅವರು ಹೊರಗೆ ಓಡಿದರು. ಜಯಮ್ಮ ಗೋಡೆಗೆ ಒರಗಿಯೇ ಇದ್ದಳು, ಕತ್ತು ಒಂದು ಕಡೆಗೆ ವಾಲಿತ್ತು. ಮೇಡಂ ಅವಳನ್ನು ತಾವೇ ಎತ್ತಿ ಸ್ಟ್ರೆಚರಿನ ಮೇಲೆ ಹಾಕಿದರು. ಎದೆ ಒತ್ತುತ್ತಲೇ ಅದರ ಜೊತೆ ಓಡಿದರು. ಹೊಟ್ಟೆಯ ಎಡಗಡೆಯ ಅಂಗ ಗುಲ್ಮ ಒಡೆದು ಒಳಗೆ ರಕ್ತ ತುಂಬಿತ್ತಂತೆ. ಆಪರೇಷನ್ ಕೋಣೆ ತಲುಪುವ ಮೊದಲೇ ಮುಗಿದಿತ್ತು.

ಸಂಜೆ ಹಳೇಕೋಟೆಯ ಜನ ಬಂದರು. ಯಾರೋ ಪಕ್ಕದಲ್ಲಿ ಕುಳಿತಿದ್ದವರು, ಕೈ ಮುರಿದವನನ್ನು ಮೊದಲು ಕರೆದರು, ಇವಳನ್ನು ಬಿಟ್ಟರು ಎಂದು ಹೇಳಿದ್ದರು. ಪಟ್ಟಿ ಬದಲಾದದ್ದರ ಅರ್ಥ ಅವರಿಗೆ ತಿಳಿದಿರಲಿಲ್ಲ. ಜಯಮ್ಮನ ತಾಯಿ, ಒಬ್ಬಳು ಒಣಕಲು ಮುದುಕಿ, ಅಂಗಳದ ಮಣ್ಣು ಎತ್ತಿ ಮೇಡಂ ಕಡೆ ತೂರಿ, "ನಿನ್ ಕೈ ಸೇದೋಗ, ಇನ್ನೊಂದ್ ಜೀವ ಮುಟ್ಟಕ್ಕೆ ಆಗ್ದಂಗ್ ಆಗ್ಲಿ" ಎಂದು ಶಾಪ ಹಾಕಿದಳು. ಮೇಡಂ ಕಣ್ಣಿಗೆ ಬಿದ್ದ ಮಣ್ಣನ್ನು ಒರೆಸಿಕೊಳ್ಳಲೂ ಇಲ್ಲ. ನಾನು ಕಂಬದ ಹಿಂದೆ ನಿಂತಿದ್ದೆ.

ಯಜಮಾನ ಡಾಕ್ಟರು ತಮ್ಮ ಕೋಣೆಗೆ ನಮ್ಮಿಬ್ಬರನ್ನೂ ಕರೆಸಿದರು. ಪಟ್ಟಿಯ ವಿಷಯ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಮೇಡಂ ನನ್ನ ಕಡೆ ತಿರುಗಿದರು. "ಗೌಡರೇ, ನಾನು ಆ ಹೆಂಗಸಿಗೆ ಕೆಂಪು ಕಟ್ಟಿದ ಹಾಗೆ ನನಗೆ ನೆನಪು. ಗಲಾಟೆಯಲ್ಲಿ ಇಬ್ಬರಿಗೂ ಅದಲು ಬದಲು ಮಾಡಿಬಿಟ್ಟೆನಾ? ನೀವು ಪಕ್ಕದಲ್ಲೇ ಇದ್ದಿರಿ, ಹೇಳಿ."

ಅವರು ನನ್ನನ್ನು ಸಂಶಯದಿಂದ ಕೇಳಲಿಲ್ಲ, ನಂಬಿ ಕೇಳಿದರು. ಆ ಗಳಿಗೆಯಲ್ಲಿ ಹೌದು ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಒಂದೇ ಉಸಿರು ಸಾಕಾಗಿತ್ತು.

"ಅವ್ರಿಗೆ ಹಳದಿ ಕಟ್ಟಿದ್ರಿ ಮೇಡಂ" ಎಂದೆ.

ಅವರು ತಮ್ಮ ನೆನಪಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದರು. ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟರು. ಹೋಗುವ ದಿನ ಬಾಗಿಲಲ್ಲಿ ನಿಂತು, "ನೀವು ಮನಸ್ಸಿಗೆ ಹಚ್ಚಿಕೋಬೇಡಿ ಗೌಡರೇ. ನಾನು ಕಟ್ಟಿದ್ದನ್ನ ನೋಡಿ ನೀವು ಕಳಿಸಿದಿರಿ. ತಪ್ಪು ನನ್ನದು" ಎಂದರು. ನಾನು ಅವರ ಚೀಲವನ್ನು ಆಟೊದಲ್ಲಿ ಇಟ್ಟೆ.

ಬೀಗರ ಕೈ ಕೂಡಿಕೊಂಡಿತು. "ನಮ್ ಬೀಗ್ರು ಅಂದ್ರೆ ಏನಂದ್ಕಂಡ್ರಿ? ಅಷ್ಟ್ ಜನದ ನಡುವೆ ಕೈ ಇಡ್ಕಂಡ್ ಒಳೀಕೆ ಕರ್ಕೊಂಡೋದ್ರು" ಎಂದು ಎಲ್ಲ ಊಟದ ಪಂಕ್ತಿಯಲ್ಲೂ ಹೇಳುತ್ತಿದ್ದರು. ಮಗಳಿಗೆ ಆ ಮನೆಯಲ್ಲಿ ಬೆಲೆ ಬಂತು. ಆ ಮಾತು ಬಂದಾಗಲೆಲ್ಲ ನಾನು ಎಲೆಯ ಮೇಲಿನ ಅನ್ನ ಕಲಸುತ್ತಾ ತಲೆ ಬಗ್ಗಿಸಿಕೊಂಡಿರುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು.

ಮಾರುಕಟ್ಟೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಇವೆಲ್ಲ ಒಂದರ ಹಿಂದೆ ಒಂದು ಬಂದವು. ಸುಮ್ಮನೆ ಮಾತಿಗೆಂದು ಅಂಗಡಿಯವನ ಊರು ಕೇಳಿದೆ. ಅರಕಲಗೂಡು ಎಂದ. ಅಲ್ಲಿ ಮಿಲಿಟರಿಯಿಂದ ಬಂದ ಒಬ್ಬ ಡಾಕ್ಟರಮ್ಮ ಇದ್ದಾರಾ ಎಂದೆ.

"ಅವ್ರೆ, ಅವ್ರೆ. ಒಂದು ಲ್ಯಾಬ್‌ನೋರ ತಾವ ಬೀಪಿ, ಸುಗರ್ ನೋಡ್ಕಂಡು, ಲೈಸೆನ್ಸಿಗೆ ಸರ್ಟಿಫಿಕೇಟ್ ಬರ್ಕೊಟ್ಕಂಡು ಕೂತವ್ರೆ. ನಮ್ಮವ್ವಂಗೆ ಎದೆ ನೋವು ಅಂತ ಕರ್ಕೊಂಡೋದ್ರೆ ಮುಟ್ಟಲೇ ಇಲ್ಲ ಕಣ ಯಜಮಾನ್ರೆ. ದೂರದಿಂದ್ಲೇ ನೋಡುದ್ರು. ಅವ್ರ್ ಕೈ ಗಡಗಡ ಅಂತಿತ್ತು. 'ಹಾಸನಕ್ಕೆ ಕರ್ಕೊಂಡು ಹೋಗಿ, ನನ್ನ ಕೈಲಿ ಬೇಡ' ಅಂದ್ರು. ಮಿಲ್ಟ್ರೀಲಿ ಅದೇನ್ ಕೆಲ್ಸ ಮಾಡಿದ್ರೋ ಏನೋ."

ಗೆಡ್ಡೆ ಕೊಳ್ಳದೆ ಮನೆಗೆ ಬಂದೆ. ಮಗಳು ಬಂದಿದ್ದಳು. ಅವಳಿಗೇ ಮೊದಲು ಹೇಳಿದೆ. ನಿನ್ನ ಸಂಸಾರ ನೆಟ್ಟಗಿರಲಿ ಅಂತ ಹಾಗೆ ಮಾಡಿದೆ ಎನ್ನುವಷ್ಟರಲ್ಲಿ ಅವಳು ಎದ್ದು ನಿಂತಳು. "ನಂಗೋಸ್ಕರ ಅನ್ಬೇಡ ಅಪ್ಪ. ನನ್ ಎಸ್ರ ಸೇರಿಸ್ಬೇಡ ಅದ್ರಲ್ಲಿ. ನಂಗೆ ಆವತ್ತು ಯೋಳಿದ್ರೆ ನಾನೇ ಬಂದು ಸತ್ಯ ಯೋಳ್ತಿದ್ದೆ" ಎಂದಳು. ಆ ದಿನ ನನಗೆ ಊಟ ಬಡಿಸಲಿಲ್ಲ.

ಮರುದಿನ ಅರಕಲಗೂಡಿಗೆ ಹೋದೆ. ಮೇಡಂ ತೆಳ್ಳಗಾಗಿದ್ದರು. ನನ್ನನ್ನು ಕಂಡು ನಕ್ಕು, "ಗೌಡರೇ, ಏನು ಇಷ್ಟು ದೂರ? ಬೀಪಿ ನೋಡಬೇಕಾ?" ಎಂದರು. ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಎಲ್ಲ ಹೇಳಿದೆ. ಅವಳ ಅಂಗೈ ತಣ್ಣಗಿದ್ದುದನ್ನೂ ಬಿಡಲಿಲ್ಲ.

ಅವರು ಮೇಜಿನ ಮೇಲಿದ್ದ ಬೀಪಿ ಯಂತ್ರವನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, "ನನಗೆ ನೆನಪಿತ್ತು" ಎಂದರು. "ಅವಳ ಹೊಟ್ಟೆ ಹಲಗೆಯ ಹಾಗಿತ್ತು. ನನ್ನ ಬೆರಳಿಗೆ ನೆನಪಿತ್ತು. ನಾನೇ ಸಮಾಧಾನಕ್ಕೆ ಹಾಗೆ ಅಂದ್ಕೋತಿದೀನಿ ಅಂತ ನನ್ನನ್ನೇ ಬೈಕೊಂಡೆ. ನಮ್ಮಮ್ಮ ಸಾಯುವಾಗ ಉಸಿರಿಗೆ ಒದ್ದಾಡ್ತಿದ್ರು ಗೌಡರೇ. ನಾನು ಪಕ್ಕದಲ್ಲೇ ಇದ್ದೆ. ಕೈ ಇಡೋಕೆ ಧೈರ್ಯ ಬರಲಿಲ್ಲ. ಬೇರೆ ಡಾಕ್ಟರಿಗಾಗಿ ಕಾದೆ."

ನಾನು ಕಾಲು ಹಿಡಿಯಲು ಬಗ್ಗಿದೆ. "ಬೇಡ" ಎಂದರು. ಆ ದನಿಗೆ ನಾನು ಅಲ್ಲೇ ನಿಂತೆ. "ನನ್ನ ಹತ್ತಿರ ಕ್ಷಮೆ ಇಲ್ಲ. ಹುಡುಕಬೇಡಿ. ಆ ಮನೆಯವರಿಗೆ ಹೇಳಿದ್ದೀರಾ?"

"ಇಲ್ಲ ಮೇಡಂ."

"ಮತ್ತೆ ನನ್ನ ಹತ್ತಿರ ಯಾಕೆ ಬಂದಿರಿ ಮೊದಲು?"

ಅಲ್ಲಿಂದ ನೇರ ಹಳೇಕೋಟೆಗೆ ಹೋದೆ. ಜಯಮ್ಮನ ತಾಯಿ ಇನ್ನೂ ಬದುಕಿದ್ದಳು. ಜಗುಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತಾ ಕುಳಿತಿದ್ದಳು. ನಾನು ಯಾರೆಂದು ಹೇಳಿ ಕೆಳಗೆ ಅಂಗಳದಲ್ಲಿ ಕುಳಿತೆ. ಹೇಳುತ್ತಾ ಹೋದೆ. ಅವಳ ಕೈ ನಿಲ್ಲಲಿಲ್ಲ, ಕಾಯಿ ಬಿಡಿಸುತ್ತಲೇ ಇದ್ದಳು. ಹೊಡೆಯುತ್ತಾಳೆ, ಬೈಯುತ್ತಾಳೆ, ಊರಿನವರನ್ನು ಕೂಗುತ್ತಾಳೆ ಎಂದು ನಾನು ಸಿದ್ಧವಾಗಿದ್ದೆ. ಹಾಗಾದರೆ ನನಗೂ ಹಗುರವಾಗುತ್ತಿತ್ತು.

"ಅವ್ಳೇ ಕೈ ನೀಡುದ್ಲಾ?" ಎಂದು ಕೇಳಿದಳು.

"ಹೂಂ ತಾಯಿ. ತಗಳಣ್ಣ ಅಂದ್ರು."

"ಅಂಗೇ ಅವ್ಳು" ಎಂದಳು. ಬಿಡಿಸಿದ ಕಾಳನ್ನು ಮೊರಕ್ಕೆ ಸುರಿದು, "ಆ ಡಾಕ್ಟ್ರಮ್ಮ ಎಂಗವಳೆ?" ಎಂದಳು.

ಇದ್ದದ್ದನ್ನು ಹೇಳಿದೆ. ಈಗ ಯಾರನ್ನೂ ಮುಟ್ಟುವುದಿಲ್ಲ, ಕೈ ನಡುಗುತ್ತದೆ ಎಂದೆ. ಮುದುಕಿಯ ಕೈ ಆಗ ನಿಂತಿತು.

"ತಟ್ಟಿತಲ್ಲ" ಎಂದಳು, ತನಗೆ ತಾನೇ ಹೇಳಿಕೊಂಡಂತೆ. "ನಾ ಬಾಯ್ ಬುಟ್ಟು ಅಂದದ್ದು ತಟ್ಟೋಯ್ತಲ್ಲ ಆ ಎಣ್ಮಗೀಗೆ."

ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದು ಬಾಗಿಲಿಗೆ ಬೀಗ ಹಾಕಿದಳು. "ಅವ್ಳಿರೋ ತಾವ್ಕೆ ಕರ್ಕೊಂಡೋಗು" ಎಂದಳು. ಮಳೆ ಬರುವ ಹಾಗಿದೆ, ನಾಳೆ ಹೋಗೋಣ ಎಂದೆ. "ನೀನು ಇಷ್ಟ್ ವರ್ಸ ನಾಳೆ ನಾಳೆ ಅಂದಿದ್ದು ಸಾಕು" ಎಂದಳು.

ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿದೆವು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಮುಂದೆ ಹೋಗಿ ಗೊತ್ತಿಲ್ಲದವರ ನಡುವೆ ಒತ್ತಿಕೊಂಡು ಕುಳಿತಳು. ಅರಕಲಗೂಡಿನಲ್ಲಿ ಇಳಿದಾಗ ಹನಿ ಬೀಳುತ್ತಿತ್ತು. ನಾನು ಕೊಡೆ ಬಿಚ್ಚಿ ಹಿಡಿಯಲು ಹೋದೆ. ಅವಳು ಸೆರಗನ್ನು ತಲೆಗೆ ಎಳೆದುಕೊಂಡು ಮುಂದೆ ನಡೆದಳು. ದಾರಿ ಅವಳಿಗೆ ಗೊತ್ತಿರಲಿಲ್ಲ. ರಸ್ತೆ ಕವಲೊಡೆದಲ್ಲೆಲ್ಲ ನಿಲ್ಲುತ್ತಿದ್ದಳು, ತಿರುಗಿ ನನ್ನ ಮುಖ ನೋಡುತ್ತಿರಲಿಲ್ಲ. ಕೊಡೆ ಮಡಚಿಕೊಂಡು ಹಿಂದೆ ನಿಂತ ನಾನು "ಎಡಕ್ಕೆ, ತಾಯಿ" ಎನ್ನುತ್ತಿದ್ದೆ. ಅವಳು ನಡೆಯುತ್ತಿದ್ದಳು. ಮತ್ತೆ ನಿಲ್ಲುತ್ತಿದ್ದಳು.

"ಬಲಕ್ಕೆ, ತಾಯಿ."